127 ಗೋಲು ಹೊಡೆದ ತಂಡ ಮೊದಲು ಕಲಿತದ್ದು ಗೋಲು ತಡೆಯುವುದನ್ನು

ಇಂಗ್ಲೆಂಡಿನ ಫುಟ್‌ಬಾಲ್ ಲೀಗ್‌ನಲ್ಲಿ 1930-31ರ ಫಸ್ಟ್ ಡಿವಿಷನ್ (ಆಗಿನ ಅಗ್ರ ದರ್ಜೆ) ಅಂಕಪಟ್ಟಿ ಎಲ್ಲಾದರೂ ಸಿಕ್ಕರೆ ಮೇಲಿನ ಎರಡು ಸಾಲು ನೋಡಿ, ಸಾಕು. ಮೊದಲ ಸ್ಥಾನದಲ್ಲಿ ಲಂಡನ್ನಿನ ಆರ್ಸೆನಲ್ ಇದೆ. 42 ಪಂದ್ಯ, 127 ಗೋಲು, 66 ಅಂಕ. ಎರಡನೆಯದು ಬರ್ಮಿಂಗ್‌ಹ್ಯಾಮ್‌ನ ಆಸ್ಟನ್ ವಿಲ್ಲಾ. ಅವರದ್ದೂ 42 ಪಂದ್ಯ. ಗೋಲು 128. ಅಂಕ ಮಾತ್ರ 59.

ಒಂದು ಗೋಲು ಜಾಸ್ತಿ ಹೊಡೆದವರು ಏಳು ಅಂಕ ಹಿಂದೆ ಉಳಿದರು. ವಿಲ್ಲಾದ ಆ 128 ಗೋಲುಗಳ ದಾಖಲೆಯನ್ನು ಇಂಗ್ಲೆಂಡಿನ ಅಗ್ರ ದರ್ಜೆಯಲ್ಲಿ ಇವತ್ತಿನವರೆಗೂ ಯಾರೂ ಮುರಿದಿಲ್ಲ. ಅವರ ಸೆಂಟರ್ ಫಾರ್ವರ್ಡ್ (ಮುಂದಿನ ಸಾಲಿನ ನಡುವಿನ ಆಟಗಾರ) 'ಪಾಂಗೊ' ವೇರಿಂಗ್ ಒಬ್ಬರೇ ಲೀಗ್‌ನಲ್ಲಿ 49 ಗೋಲು ಹೊಡೆದಿದ್ದರು. ಆದರೂ ಪಟ್ಟ ಆರ್ಸೆನಲ್ ಪಾಲಾಯಿತು. ಪಕ್ಕದ ಕಾಲಂ ನೋಡಿದರೆ ಕಾರಣದ ಎಳೆ ಸಿಗುತ್ತದೆ. ವಿಲ್ಲಾ ಬಿಟ್ಟುಕೊಟ್ಟ ಗೋಲು 78, ಆರ್ಸೆನಲ್ ಬಿಟ್ಟುಕೊಟ್ಟದ್ದು 59.

ಈ ಸೀಸನ್ ಬಗ್ಗೆ ಮಾತು ಬಂದಾಗಲೆಲ್ಲ ಜನ ಎರಡು ವಿಷಯ ಹೇಳುತ್ತಾರೆ. ಆರ್ಸೆನಲ್ ಬಳಿ ದುಡ್ಡಿತ್ತು, ಆರ್ಸೆನಲ್ ಗೋಲಿನ ಮಳೆ ಸುರಿಸಿತು. ಎರಡೂ ನಿಜವೇ. ಆದರೆ ಎರಡನ್ನೂ ಸೇರಿಸಿದರೂ ಲೆಕ್ಕ ಪೂರ್ತಿ ಹೊಂದುವುದಿಲ್ಲ. ನನ್ನ ಪ್ರಕಾರ ಈ ಗೆಲುವು ಶುರುವಾದದ್ದು ಐದು ವರ್ಷ ಹಿಂದೆ, ಆಫ್‌ಸೈಡ್ ನಿಯಮದಲ್ಲಿ ಒಂದು ಸಂಖ್ಯೆ ಬದಲಾದಾಗ. ಅದನ್ನು ಸರಿಯಾಗಿ ತಿಳಿದುಕೊಂಡರೆ ಉಳಿದದ್ದು ಸಲೀಸು.

ಮೂವರ ಬದಲು ಇಬ್ಬರು

ಎದುರಾಳಿಯ ಗೋಲಿನ ಮುಂದೆ ಸುಮ್ನೆ ಕಾದು ನಿಂತು, ಉದ್ದದ ಪಾಸ್ ಬಂದ ಕೂಡಲೇ ಚೆಂಡು ಒಳಗೆ ತಳ್ಳುವುದನ್ನು ತಡೆಯಲು ಆಫ್‌ಸೈಡ್ ನಿಯಮ ಇರುವುದು. 1866ರಿಂದ ಅದು ಹೀಗಿತ್ತು: ನಿಮ್ಮ ಕಡೆಯವರು ಚೆಂಡನ್ನು ಮುಂದಕ್ಕೆ ಕೊಡುವ ಹೊತ್ತಿಗೆ, ನಿಮಗೂ ಎದುರಾಳಿಯ ಗೋಲಿನ ಗೆರೆಗೂ ನಡುವೆ ಆ ತಂಡದ ಕನಿಷ್ಠ ಮೂವರು ಇರಬೇಕು. ಇಲ್ಲದಿದ್ದರೆ ನೀವು ಆಫ್‌ಸೈಡ್. ಸಾಮಾನ್ಯವಾಗಿ ಆ ಮೂವರು ಅಂದರೆ ಗೋಲ್‌ಕೀಪರ್ ಮತ್ತು ಅವನ ಮುಂದೆ ನಿಂತು ದಾಳಿ ತಡೆಯುವ ಇಬ್ಬರು ಫುಲ್‌ಬ್ಯಾಕ್.

ಈಗ ಫುಲ್‌ಬ್ಯಾಕ್ ಆಗಿ ಯೋಚಿಸಿ. ಇಬ್ಬರಲ್ಲಿ ಒಬ್ಬ ಕೆಲವು ಹೆಜ್ಜೆ ಮುಂದೆ ಬಂದುಬಿಟ್ಟರೆ ಅವನನ್ನು ದಾಟಿ ನಿಂತ ಫಾರ್ವರ್ಡ್‌ಗಳೆಲ್ಲ ಆಫ್‌ಸೈಡ್. ಸಮಯ ತಪ್ಪಿ ಫಾರ್ವರ್ಡ್ ತಪ್ಪಿಸಿಕೊಂಡರೂ ಚಿಂತೆಯಿಲ್ಲ. ಹಿಂದೆ ಇನ್ನೊಬ್ಬ ಬ್ಯಾಕ್ ಇದ್ದಾನೆ, ಅವನ ಹಿಂದೆ ಕೀಪರ್ ಇದ್ದಾನೆ. ನ್ಯೂಕ್ಯಾಸಲ್ ಯುನೈಟೆಡ್‌ನ ಬಿಲ್ ಮೆಕ್ರಾಕನ್ ಈ ವಿದ್ಯೆಯಲ್ಲಿ ಪಳಗಿದವರು. ಅವರನ್ನು ನೋಡಿ ಬೇರೆಯವರೂ ಕಲಿತರು. ಸ್ವಂತ ಅರ್ಧದಲ್ಲಿ ನಿಂತವನಿಗೆ ಆಫ್‌ಸೈಡ್ ಅನ್ವಯಿಸದ ಕಾರಣ ಆಟವೆಲ್ಲ ಮೈದಾನದ ನಡುಗೆರೆಯ ಆಚೀಚೆ ಒಂದು ಸಣ್ಣ ಪಟ್ಟಿಯಲ್ಲಿ ಸಿಕ್ಕಿಕೊಂಡಿತು. ನಿಮಿಷಕ್ಕೊಮ್ಮೆ ರೆಫರಿಯ ಸೀಟಿ. ದುಡ್ಡು ಕೊಟ್ಟು ಬಂದ ಜನಕ್ಕೆ ಸಾಕಾಗಿಹೋಗಿತ್ತು.

1925ರ ಬೇಸಿಗೆಯಲ್ಲಿ ನಿಯಮ ತಿದ್ದಿದರು. ಮೂವರು ಬೇಡ, ಇಬ್ಬರಿದ್ದರೆ ಸಾಕು. ಬರೆದರೆ ಅರ್ಧ ಸಾಲಿನ ತಿದ್ದುಪಡಿ. ಆದರೆ ಇನ್ನು ಮೇಲೆ ಫಾರ್ವರ್ಡ್‌ಗಳಿಗೆ ಆಫ್‌ಸೈಡ್ ಬಲೆ ಹಾಕಬೇಕಾದರೆ ಇಬ್ಬರೂ ಬ್ಯಾಕ್‌ಗಳು ಮುಂದೆ ಬರಬೇಕು. ಫಾರ್ವರ್ಡ್ ತಪ್ಪಿಸಿಕೊಂಡನೋ, ಅವನ ಮುಂದೆ ಉಳಿಯುವುದು ಕೀಪರ್ ಒಬ್ಬನೇ. 1924-25ರಲ್ಲಿ ಫಸ್ಟ್ ಡಿವಿಷನ್‌ನ 462 ಪಂದ್ಯಗಳಲ್ಲಿ 1,192 ಗೋಲು ಬಂದಿದ್ದವು. ಮರುವರ್ಷ ಅಷ್ಟೇ ಪಂದ್ಯಗಳಲ್ಲಿ 1,703. ಪಂದ್ಯಕ್ಕೆ ಒಂದು ಗೋಲಿಗಿಂತ ಜಾಸ್ತಿ ಏರಿಕೆ, ಅದೂ ಒಂದೇ ವರ್ಷದಲ್ಲಿ.

ಹೊಸ ನಿಯಮ ಎಲ್ಲರಿಗೂ ಒಂದೇ. ಎಲ್ಲ ಮ್ಯಾನೇಜರ್‌ಗಳ ಮುಂದೆಯೂ ಅದೇ ಪ್ರಶ್ನೆ ಇತ್ತು. ನಡುವಿನಲ್ಲಿ ತೆರೆದುಕೊಂಡ ಈ ಬಾಗಿಲನ್ನು ಮುಚ್ಚುವುದು ಹೇಗೆ?

ನ್ಯೂಕ್ಯಾಸಲ್‌ನಲ್ಲಿ ತಿಂದ ಏಳು ಗೋಲು

ಅದೇ ಬೇಸಿಗೆಯಲ್ಲಿ ಹರ್ಬರ್ಟ್ ಚಾಪ್‌ಮನ್ ಆರ್ಸೆನಲ್‌ಗೆ ಮ್ಯಾನೇಜರ್ ಆಗಿ ಬಂದರು. ಯಾರ್ಕ್‌ಶೈರ್‌ನ ಗಣಿ ಊರಿನವರು, ಗಣಿ ಕಾರ್ಮಿಕನ ಮಗ, ಗಣಿ ಎಂಜಿನಿಯರಿಂಗ್ ಓದಿದವರು. ಹಡರ್ಸ್‌ಫೀಲ್ಡ್ ಟೌನ್‌ಗೆ ಸತತ ಎರಡು ಬಾರಿ, 1924 ಮತ್ತು 1925ರಲ್ಲಿ, ಲೀಗ್ ಪಟ್ಟ ಗೆದ್ದುಕೊಟ್ಟು ಬಂದಿದ್ದರು. ಆರ್ಸೆನಲ್‌ನ ಅಧ್ಯಕ್ಷ ಹೆನ್ರಿ ನಾರಿಸ್ ಆ ಹುದ್ದೆಗೆ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿದ್ದರು. ದುಬಾರಿ ಆಟಗಾರರನ್ನು ಕೊಂಡು ತಂಡ ಕಟ್ಟುವವರು ಅರ್ಜಿ ಹಾಕುವುದೇ ಬೇಡ ಎಂದು ಅದರಲ್ಲಿ ಖಡಾಖಂಡಿತವಾಗಿ ಹೇಳಿದ್ದರು. ಆಗ ಆರ್ಸೆನಲ್ ಅಂದರೆ ಏನೂ ಗೆಲ್ಲದ ಕ್ಲಬ್. ಹಿಂದಿನ ಎರಡು ಸೀಸನ್‌ಗಳಲ್ಲಿ ಕೆಳಗಿನ ದರ್ಜೆಗೆ ಬೀಳುವುದರಿಂದ ಹೇಗೋ ಪಾರಾಗಿತ್ತು.

ಚಾಪ್‌ಮನ್ ಮೊದಲು ತಂದದ್ದು ಸಂಡರ್‌ಲ್ಯಾಂಡ್‌ನ ಚಾರ್ಲಿ ಬುಕನ್ ಅವರನ್ನು. ವಯಸ್ಸು ಮೂವತ್ತು ದಾಟಿತ್ತು. ಬೆಲೆ ಕಟ್ಟಿದ ರೀತಿ ಚೆನ್ನಾಗಿದೆ: ಈಗ 2,000 ಪೌಂಡ್, ಮೊದಲ ಸೀಸನ್‌ನಲ್ಲಿ ಹೊಡೆದ ಪ್ರತಿ ಗೋಲಿಗೆ ಇನ್ನೊಂದು 100 ಪೌಂಡ್. ಬುಕನ್ 21 ಗೋಲು ಹೊಡೆದರು. ಸಂಡರ್‌ಲ್ಯಾಂಡ್‌ಗೆ ಒಟ್ಟು 4,100 ಪೌಂಡ್ ಸಿಕ್ಕಿತು. ಆದರೆ ಆ ಗೋಲುಗಳಿಗಿಂತ ಬುಕನ್ ಕೊಟ್ಟ ಒಂದು ಸಲಹೆ ಆರ್ಸೆನಲ್‌ಗೆ ಜಾಸ್ತಿ ಬೆಲೆ ಬಾಳಿತು.

1925ರ ಅಕ್ಟೋಬರ್ 3ರಂದು ಆರ್ಸೆನಲ್ ನ್ಯೂಕ್ಯಾಸಲ್‌ನಲ್ಲಿ 7-0ಯಿಂದ ಸೋತಿತು. ಅವತ್ತು ನ್ಯೂಕ್ಯಾಸಲ್‌ನ ಸೆಂಟರ್ ಹಾಫ್, ಅಂದರೆ ನಡುಮೈದಾನದ ಮಧ್ಯದ ಆಟಗಾರ, ಚಾರ್ಲಿ ಸ್ಪೆನ್ಸರ್ ಮುಂದೆ ಬರದೆ ಹಿಂದೆಯೇ ಉಳಿದು ಆಡಿದ್ದರು. ಆಟ ಮುಗಿದ ಮೇಲೆ ನಡೆದ ಚರ್ಚೆಯಲ್ಲಿ ಬುಕನ್ ಪಟ್ಟು ಹಿಡಿದರು. ಸೀಸನ್ ಶುರುವಿನಿಂದ ಹೇಳುತ್ತಿದ್ದದ್ದನ್ನೇ ಮತ್ತೆ ಹೇಳಿದರು: ನಮ್ಮ ಸೆಂಟರ್ ಹಾಫ್‌ನನ್ನೂ ಹಿಂದೆ ಎಳೆದು ಇಬ್ಬರು ಬ್ಯಾಕ್‌ಗಳ ನಡುವೆ ನಿಲ್ಲಿಸಿ. ಹಾಗೆ ಮಾಡಿದರೆ ನಡುಮೈದಾನ ಖಾಲಿಯಾಗುತ್ತದೆ, ಆ ಜಾಗ ತುಂಬಲು ಒಬ್ಬ ಫಾರ್ವರ್ಡ್ ಹಿಂದೆ ಬರಬೇಕು. ಆ ಕೆಲಸ ತನಗೇ ಬರಬಹುದು ಅಂದುಕೊಂಡಿದ್ದರು ಬುಕನ್. ಚಾಪ್‌ಮನ್ ಒಪ್ಪಲಿಲ್ಲ, ಅವರಿಂದ ಗೋಲು ಬೇಕಿತ್ತು. ಆಂಡಿ ನೀಲ್ ಅನ್ನುವವರಿಗೆ ಆ ಜಾಗ ಸಿಕ್ಕಿತು. ಓಟದಲ್ಲಿ ನಿಧಾನ, ಆದರೆ ಬಂದ ಚೆಂಡನ್ನು ಕಾಲಲ್ಲಿ ಹಿಡಿದಿಟ್ಟು ಅಚ್ಚುಕಟ್ಟಾಗಿ ಪಾಸ್ ಕೊಡಬಲ್ಲವರು. ಎರಡೇ ದಿನಕ್ಕೆ ಆರ್ಸೆನಲ್ ವೆಸ್ಟ್ ಹ್ಯಾಮ್ ಅಂಗಳಕ್ಕೆ ಹೋಗಿ 4-0ಯಿಂದ ಗೆದ್ದಿತು. ಆ ಸೀಸನ್ ಮುಗಿದಾಗ ಎರಡನೇ ಸ್ಥಾನ.

ಇದನ್ನು ಆರ್ಸೆನಲ್ ಒಂದೇ ಕಂಡುಹಿಡಿಯಿತು ಅನ್ನುವಂತಿಲ್ಲ. ಸ್ಪೆನ್ಸರ್ ಕಣ್ಣೆದುರೇ ಇದ್ದರಲ್ಲ. ಬೇರೆ ಕೆಲವು ತಂಡಗಳೂ ಇಂಥದ್ದೇ ಪ್ರಯೋಗ ಮಾಡುತ್ತಿದ್ದವು. ಆದರೆ ಇದರ ಕೊನೆತನಕ ಹೋಗಿ, ಹನ್ನೊಂದು ಜಾಗಕ್ಕೂ ಆಗುವ ಪರಿಣಾಮವನ್ನು ಲೆಕ್ಕ ಹಾಕಿ, ಪ್ರತಿ ಜಾಗಕ್ಕೂ ತಕ್ಕ ಮನುಷ್ಯನನ್ನು ಹುಡುಕಿದ್ದು ಚಾಪ್‌ಮನ್.

ಒಬ್ಬನನ್ನು ಹಿಂದೆ ಎಳೆದರೆ ಏನೇನಾಗುತ್ತದೆ

ಅಲ್ಲಿಯವರೆಗೆ ಎಲ್ಲರೂ ಆಡುತ್ತಿದ್ದದ್ದು ಒಂದೇ ವಿನ್ಯಾಸ. ಹಿಂದೆ ಇಬ್ಬರು ಬ್ಯಾಕ್, ನಡುವೆ ಮೂವರು ಹಾಫ್‌ಬ್ಯಾಕ್, ಮುಂದೆ ಸಾಲಾಗಿ ಐವರು ಫಾರ್ವರ್ಡ್. ಹಾಫ್‌ಬ್ಯಾಕ್‌ಗಳ ನಡುವಿನವನೇ ಸೆಂಟರ್ ಹಾಫ್. ಅವನು ತಂಡದ ತಲೆ. ಹಿಂದೆ ಹೋಗಿ ತಡೆಯುತ್ತಿದ್ದ, ಮುಂದೆ ಹೋಗಿ ದಾಳಿ ಕಟ್ಟುತ್ತಿದ್ದ.

ಅವನನ್ನು ಹಿಂದೆ ಎಳೆದರೆ ಎದುರಾಳಿಯ ಸೆಂಟರ್ ಫಾರ್ವರ್ಡ್‌ಗೆ ಒಬ್ಬ ಕಾವಲುಗಾರ ಸಿಕ್ಕ ಹಾಗಾಯಿತು. ಅವನನ್ನು ಸ್ಟಾಪರ್ ಅಂದರು. ಈಗ ಇಬ್ಬರು ಬ್ಯಾಕ್‌ಗಳಿಗೆ ನಡುವಿನ ಚಿಂತೆ ಇಲ್ಲ, ಅಂಚಿಗೆ ಸರಿದು ಎದುರಾಳಿಯ ಅಂಚಿನ ಫಾರ್ವರ್ಡ್‌ಗಳನ್ನು, ಅಂದರೆ ವಿಂಗರ್‌ಗಳನ್ನು, ನೋಡಿಕೊಳ್ಳಬಹುದು. ವಿಂಗರ್‌ಗಳ ಕಾವಲು ತಪ್ಪಿದ ಮೇಲೆ ಅಂಚಿನ ಹಾಫ್‌ಬ್ಯಾಕ್‌ಗಳಿಬ್ಬರು ಒಳಗೆ ಬರಬಹುದು. ನಡುವೆ ಬಿದ್ದ ತೂತನ್ನು ಮುಚ್ಚಲು ಐವರು ಫಾರ್ವರ್ಡ್‌ಗಳಲ್ಲಿ ಒಳಗಿನ ಇಬ್ಬರು, ಅಂದರೆ ಇನ್‌ಸೈಡ್ ಫಾರ್ವರ್ಡ್‌ಗಳು, ಸ್ವಲ್ಪ ಹಿಂದೆ ಬರಬೇಕು. ಮೇಲಿನಿಂದ ನೋಡಿದರೆ ಮುಂದಿನ ಐವರು ಇಂಗ್ಲಿಷಿನ ಡಬ್ಲ್ಯು ಅಕ್ಷರದಂತೆ, ಹಿಂದಿನ ಐವರು ಎಂ ಅಕ್ಷರದಂತೆ ಕಾಣುತ್ತಾರೆ. ಡಬ್ಲ್ಯು-ಎಂ ಪದ್ಧತಿ ಅಂತ ಹೆಸರು ಬಂದದ್ದು ಹಾಗೆ.

ಆರ್ಸೆನಲ್‌ನ ಡಬ್ಲ್ಯು ಮಾತ್ರ ಸಮನಾಗಿರಲಿಲ್ಲ. ಬಲಗಡೆಯ ಇನ್‌ಸೈಡ್ ಫಾರ್ವರ್ಡ್ ಡೇವಿಡ್ ಜ್ಯಾಕ್ ಮುಂದೆಯೇ ಇರುತ್ತಿದ್ದರು. ಎಡಗಡೆಯ ಅಲೆಕ್ಸ್ ಜೇಮ್ಸ್ ತುಂಬಾ ಹಿಂದೆ, ಎಷ್ಟೋ ಸಲ ತಮ್ಮ ಅರ್ಧದಲ್ಲೇ ನಿಂತಿರುತ್ತಿದ್ದರು. ಈ ಓರೆಯಲ್ಲೇ ಎಲ್ಲ ಇದೆ.

ಚಾಪ್‌ಮನ್‌ಗೆ ಹಳೆಯ ಒಂದು ನಂಬಿಕೆ ಇತ್ತು. ಒಂದು ತಂಡ ಬಹಳ ಹೊತ್ತು ದಾಳಿ ಮಾಡುತ್ತಲೇ ಇದ್ದರೆ ಅದರ ಹಿಂಬದಿ ತಾನಾಗಿ ತೆರೆದುಕೊಳ್ಳುತ್ತದೆ. ಹಾಗಾದರೆ ಅವರನ್ನು ಮುಂದೆ ಬರಲು ಬಿಡಿ. ಚೆಂಡು ಕಿತ್ತುಕೊಳ್ಳಿ. ಅವರು ತಿರುಗಿ ಓಡುವುದರೊಳಗೆ ಎರಡು ಮೂರು ಪಾಸ್‌ನಲ್ಲಿ ಅವರ ಗೋಲು ಮುಟ್ಟಿ. ಇವತ್ತು ಕೌಂಟರ್ ಅಟ್ಯಾಕ್ ಅನ್ನುತ್ತೇವಲ್ಲ, ಅದೇ. ವಿಂಗರ್‌ಗಳು ಅಂಚಿನ ಗೆರೆ ಹಿಡಿದು ಮೂಲೆಯವರೆಗೆ ಓಡಿ ಚೆಂಡನ್ನು ಗಾಳಿಯಲ್ಲಿ ನಡುವಿಗೆ ಎಸೆಯುವ ಹಳೇ ಕ್ರಮ ಅವರಿಗೆ ಹಿಡಿಸುತ್ತಿರಲಿಲ್ಲ. ವಿಂಗರ್ ಒಳಗೆ ನುಗ್ಗಿ ತಾನೇ ಗೋಲು ಹೊಡೆಯಬೇಕು.

ಅವರ ತಂಡದ ಒಂದು ದಾಳಿಯನ್ನು ನಿಧಾನವಾಗಿ ನೋಡೋಣ. ಎದುರಾಳಿಗಳು ಏಳೆಂಟು ಜನ ಆರ್ಸೆನಲ್ ಅರ್ಧಕ್ಕೆ ಬಂದಿದ್ದಾರೆ. ಅಂಚಿನಿಂದ ಚೆಂಡು ಗಾಳಿಯಲ್ಲಿ ಬರುತ್ತದೆ. ಕೆಂಚು ಕೂದಲಿನ, ಎತ್ತರದ ಹರ್ಬಿ ರಾಬರ್ಟ್ಸ್ ಅದನ್ನು ತಲೆಯಿಂದ ತಳ್ಳುತ್ತಾರೆ. ಎಲ್ಲಿಗೋ ಅಲ್ಲ, ಇಪ್ಪತ್ತು ಗಜ ಆಚೆ ಒಬ್ಬರೇ ನಿಂತ ಜೇಮ್ಸ್ ಕಡೆಗೆ. ಜೇಮ್ಸ್ ಚೆಂಡನ್ನು ಕಾಲಡಿ ಹಿಡಿದು ಒಂದು ಕ್ಷಣ ಸುಮ್ಮನಿರುತ್ತಾರೆ. ಭುಜ ಅಲ್ಲಾಡಿಸುತ್ತಾರೆ, ಹತ್ತಿರ ಬಂದವನು ತಪ್ಪು ಕಡೆಗೆ ವಾಲುತ್ತಾನೆ. ಅಷ್ಟರಲ್ಲಿ ಬಲ ಅಂಚಿನಲ್ಲಿ ಜೋ ಹ್ಯೂಮ್ ಓಡಲು ಶುರು ಮಾಡಿದ್ದಾರೆ. ಆ ಕಾಲದ ಅತಿ ವೇಗದ ವಿಂಗರ್‌ಗಳಲ್ಲಿ ಒಬ್ಬರು ಅವರು. ಜೇಮ್ಸ್ ಒದ್ದ ಚೆಂಡು ಮೈದಾನವನ್ನು ಓರೆಯಾಗಿ ದಾಟಿ ಹ್ಯೂಮ್ ಮುಂದೆ ಬೀಳುತ್ತದೆ. ನಡುವೆ ಜ್ಯಾಕ್ ಲ್ಯಾಂಬರ್ಟ್ ಗೂಳಿಯಂತೆ ನುಗ್ಗುತ್ತಿದ್ದಾರೆ, ಎದುರಾಳಿಯ ಸೆಂಟರ್ ಹಾಫ್ ಅವರ ಹಿಂದೆ ಓಡಲೇಬೇಕು. ಎಡಗಡೆಯಿಂದ ಕ್ಲಿಫ್ ಬಾಸ್ಟಿನ್ ಯಾರ ಗಮನಕ್ಕೂ ಬಾರದೆ ಒಳಗೆ ಬಂದಿದ್ದಾರೆ. ಹ್ಯೂಮ್ ಚೆಂಡನ್ನು ಅಡ್ಡ ಕೊಡುತ್ತಾರೆ, ಬಾಸ್ಟಿನ್ ತಣ್ಣಗೆ ಗೋಲಿನ ಮೂಲೆಗೆ ಇಡುತ್ತಾರೆ. ಆಗಷ್ಟೇ ತಾವು ಗೋಲು ಹೊಡೆಯಲಿದ್ದೇವೆ ಅಂದುಕೊಂಡಿದ್ದ ತಂಡ ಈಗ ನಡುಗೆರೆಯಲ್ಲಿ ಚೆಂಡು ಇಟ್ಟು ಮತ್ತೆ ಆಟ ಶುರು ಮಾಡಬೇಕು.

ಈ ಪದ್ಧತಿಯಲ್ಲಿ ಜೇಮ್ಸ್ ಅಂದರೆ ಅರಸೀಕೆರೆ ಜಂಕ್ಷನ್ ಇದ್ದ ಹಾಗೆ. ಎಲ್ಲಿಂದ ಎಲ್ಲಿಗೆ ಹೋಗುವ ಗಾಡಿಯಾದರೂ ಅಲ್ಲಿ ಬಂದೇ ಹೋಗಬೇಕು.

ಐದು ವರ್ಷ ಹುಡುಕಿದ ಆಟಗಾರರು

ಪದ್ಧತಿ ಕಾಗದದ ಮೇಲೆ ಬೇಗ ಸಿದ್ಧವಾಯಿತು. ಮನುಷ್ಯರು ಸಿಗಲು ಐದು ವರ್ಷ ಬೇಕಾಯಿತು. ಈ ಭಾಗ ನನಗೆ ಬಹಳ ಇಷ್ಟ, ಯಾಕೆಂದರೆ ಚಾಪ್‌ಮನ್ ಹೆಸರು ನೋಡಿ ಕೊಳ್ಳುತ್ತಿರಲಿಲ್ಲ, ಜಾಗ ನೋಡಿ ಕೊಳ್ಳುತ್ತಿದ್ದರು.

ಸ್ಟಾಪರ್ ರಾಬರ್ಟ್ಸ್ 1926ರ ಕೊನೆಯಲ್ಲಿ ಆಸ್ವೆಸ್ಟ್ರಿ ಎಂಬ ಸಣ್ಣ ಊರಿನ ತಂಡದಿಂದ 200 ಪೌಂಡ್‌ಗೆ ಬಂದರು. ಚೆಂಡಿನ ಜೊತೆ ಅವರಿಗೆ ಅಂಥ ಚಮತ್ಕಾರವೇನೂ ಬರುತ್ತಿರಲಿಲ್ಲ. ಜಾಗ ಬಿಟ್ಟು ಕದಲದ ಶಿಸ್ತು ಇತ್ತು. ಚಾಪ್‌ಮನ್‌ಗೆ ಬೇಕಿದ್ದದ್ದು ಅದೇ. ಎಡ ಬ್ಯಾಕ್ ಎಡಿ ಹ್ಯಾಪ್‌ಗುಡ್ ಬ್ರಿಸ್ಟಲ್‌ನಲ್ಲಿ ಹಾಲು ಮಾರುತ್ತಿದ್ದ ಹುಡುಗ. ಕೆಟರಿಂಗ್ ತಂಡದಿಂದ ಬಂದಾಗ ಎಷ್ಟು ಸಣಕಲು ಅಂದರೆ ಭಾರದ ಚೆಂಡಿಗೆ ತಲೆ ಕೊಟ್ಟರೆ ತಲೆ ಸುತ್ತುತ್ತಿತ್ತು. ಸಸ್ಯಾಹಾರಿಯಾಗಿದ್ದ ಅವರಿಗೆ ಟ್ರೈನರ್ ಟಾಮ್ ವಿಟೇಕರ್ ಮಾಂಸ ತಿನ್ನಿಸಿ ಮೈ ತುಂಬಿಸಿದರು. ಬಲ ಬ್ಯಾಕ್ ಟಾಮ್ ಪಾರ್ಕರ್ ತಂಡದ ನಾಯಕ. ಅಂಚಿನ ಹಾಫ್‌ಬ್ಯಾಕ್‌ಗಳಾದ ಚಾರ್ಲಿ ಜೋನ್ಸ್ ಮತ್ತು ಬಾಬ್ ಜಾನ್ ಇಬ್ಬರೂ ವೇಲ್ಸ್‌ನವರು.

ಬಾಸ್ಟಿನ್ ಕಥೆ ಬೇರೆ. 1929ರಲ್ಲಿ ಚಾಪ್‌ಮನ್ ಒಂದು ಪಂದ್ಯ ನೋಡಲು ಹೋದದ್ದು ವಾಟ್‌ಫರ್ಡ್ ಆಟಗಾರನೊಬ್ಬನಿಗಾಗಿ. ಕಣ್ಣಿಗೆ ಬಿದ್ದದ್ದು ಎದುರಾಳಿ ಎಕ್ಸಿಟರ್ ಸಿಟಿಯ 17 ವರ್ಷದ ಹುಡುಗ. 2,000 ಪೌಂಡ್ ಕೊಟ್ಟು ಕರೆತಂದರು. ಇನ್‌ಸೈಡ್ ಫಾರ್ವರ್ಡ್ ಆಗಿ ಆಡುತ್ತಿದ್ದವನನ್ನು ಎಡ ಅಂಚಿಗೆ ಹಾಕಿದರು. ಒಳಗೆ ಬಂದು ಗೋಲು ಹೊಡೆಯುವ ಅಭ್ಯಾಸ ಅವರಿಗೆ ಮೊದಲೇ ಇತ್ತಲ್ಲ, ವಿಂಗರ್‌ನಿಂದ ಚಾಪ್‌ಮನ್ ಬಯಸಿದ್ದೂ ಅದನ್ನೇ.

ದುಬಾರಿ ಆಟಗಾರರು ಇಬ್ಬರು. 1928ರಲ್ಲಿ ಬೋಲ್ಟನ್‌ನಿಂದ ಬಂದ ಡೇವಿಡ್ ಜ್ಯಾಕ್‌ಗೆ 10,890 ಪೌಂಡ್. ಫುಟ್‌ಬಾಲ್‌ನಲ್ಲಿ 10,000 ಪೌಂಡ್ ದಾಟಿದ ಮೊದಲ ವರ್ಗಾವಣೆ ಇದು. ಮರುವರ್ಷ ಪ್ರೆಸ್ಟನ್‌ನಿಂದ ಜೇಮ್ಸ್, 8,750 ಪೌಂಡ್. ಆಗ ಆಟಗಾರರ ಸಂಬಳಕ್ಕೆ ಮಿತಿ ಇತ್ತು, ಸೀಸನ್‌ನಲ್ಲಿ ವಾರಕ್ಕೆ 8 ಪೌಂಡ್. ಎಷ್ಟೇ ದೊಡ್ಡ ಆಟಗಾರನಾದರೂ ಅಷ್ಟೇ. ಜೇಮ್ಸ್‌ಗೆ ಲಂಡನ್ನಿನ ಸೆಲ್ಫ್‌ರಿಜಸ್ ಅಂಗಡಿಯಲ್ಲಿ ಕ್ರೀಡಾ ವಿಭಾಗದ ಕೆಲಸವೂ ಸಿಕ್ಕಿತು, ವರ್ಷಕ್ಕೆ 250 ಪೌಂಡ್. ಮೊಣಕಾಲು ಮುಚ್ಚುವ ದೊಗಳೆ ಚಡ್ಡಿ ಹಾಕಿಕೊಂಡು ಆಡುವ ಈ ಗಿಡ್ಡ ಸ್ಕಾಟಿಷ್ ಆಟಗಾರ ವ್ಯಂಗ್ಯಚಿತ್ರಕಾರರಿಗೆ ಅಚ್ಚುಮೆಚ್ಚು. ಸಂಧಿವಾತದ ನೋವಿಗಾಗಿ ಒಳಗೆ ಉದ್ದದ ಒಳಚಡ್ಡಿ ಹಾಕುತ್ತಿದ್ದರು, ಅದು ಕಾಣದಿರಲಿ ಅಂತ ಹೊರಗಿನದು ಅಷ್ಟು ದೊಗಳೆ. ಪ್ರೆಸ್ಟನ್‌ನಲ್ಲಿ ಅವರು ಗೋಲು ಹೊಡೆಯುವವರಾಗಿದ್ದರು. ಇಲ್ಲಿ ಅದನ್ನು ಬಿಟ್ಟು ಬೇರೆಯವರಿಗೆ ಚೆಂಡು ಒದಗಿಸಬೇಕು ಅಂದಾಗ ಒಗ್ಗಿಕೊಳ್ಳಲು ಸಮಯ ಹಿಡಿಯಿತು. ಮೊದಲ ಸೀಸನ್‌ನಲ್ಲಿ ಪ್ರೇಕ್ಷಕರೇ ಅಣಕಿಸಿದರು.

ಚಾಪ್‌ಮನ್ ಹೇಳಿದ್ದೇ ನಡೆಯುತ್ತಿತ್ತು ಅನ್ನುವುದೂ ಪೂರ್ತಿ ನಿಜವಲ್ಲ. ವಾರಕ್ಕೊಮ್ಮೆ ಆಟಗಾರರನ್ನೆಲ್ಲ ಕೂರಿಸಿ, ಮೇಜಿನ ಮೇಲೆ ಮೈದಾನದ ಮಾದರಿ ಇಟ್ಟು, ಹಿಂದಿನ ಪಂದ್ಯದಲ್ಲಿ ಏನಾಯಿತು, ಮುಂದೆ ಏನು ಮಾಡೋಣ ಅಂತ ಕೇಳುತ್ತಿದ್ದರು. ಆಟಗಾರರು ಬಾಯಿ ಬಿಟ್ಟು ಮಾತಾಡಬೇಕಿತ್ತು. ಆ ಕಾಲಕ್ಕೆ ಇದು ಹೊಸದು. ಎಷ್ಟೋ ಕ್ಲಬ್‌ಗಳಲ್ಲಿ ತಂಡವನ್ನು ಆರಿಸುತ್ತಿದ್ದವರೇ ನಿರ್ದೇಶಕ ಮಂಡಳಿಯವರು.

1929-30ರಲ್ಲಿ ಲೀಗ್‌ನಲ್ಲಿ ಸಿಕ್ಕಿದ್ದು 14ನೇ ಸ್ಥಾನ. ಆದರೆ 1930ರ ಏಪ್ರಿಲ್ 26ರಂದು ಲಂಡನ್ನಿನ ವೆಂಬ್ಲಿಯಲ್ಲಿ ಎಫ್‌ಎ ಕಪ್ (ಸೋತವರು ಹೊರಬೀಳುವ, ಲೀಗ್‌ನಿಂದ ಬೇರೆಯಾದ ಪಂದ್ಯಾವಳಿ) ಫೈನಲ್ ಗೆದ್ದರು. ಎದುರಾಳಿ ಚಾಪ್‌ಮನ್ ಅವರ ಹಳೆಯ ಹಡರ್ಸ್‌ಫೀಲ್ಡ್. ಮೊದಲ ಗೋಲು ಬಂದ ಬಗೆ ನೋಡಿ. ಆರ್ಸೆನಲ್‌ಗೆ ಫ್ರೀ ಕಿಕ್ ಸಿಕ್ಕಿತು. ಎದುರಾಳಿಗಳು ಸಾವರಿಸಿಕೊಳ್ಳುವ ಮೊದಲೇ ಜೇಮ್ಸ್ ಚೆಂಡನ್ನು ಬಾಸ್ಟಿನ್‌ಗೆ ಒದ್ದು ಓಡಿದರು, ವಾಪಸ್ ಪಡೆದರು, ಗೋಲು ಹೊಡೆದರು. ಕೊನೆಯಲ್ಲಿ ಲ್ಯಾಂಬರ್ಟ್ ಇನ್ನೊಂದು ಹೊಡೆದು 2-0. ಆಟದ ನಡುವೆ ಜರ್ಮನಿಯ ಗ್ರಾಫ್ ಜೆಪ್ಪೆಲಿನ್ ವಾಯುನೌಕೆ ಮೈದಾನದ ಮೇಲೆ ತೇಲಿಹೋಯಿತು. ಕ್ಲಬ್‌ಗೆ ಸಿಕ್ಕ ಮೊದಲ ದೊಡ್ಡ ಪ್ರಶಸ್ತಿ ಅದು.

ಆ ಸೀಸನ್

1930ರ ಆಗಸ್ಟ್ ಕೊನೆಗೆ ಆಟ ಶುರುವಾದಾಗ ಆರ್ಸೆನಲ್‌ಗೆ ಒಂದೇ ಕೊರತೆ, ಗೋಲ್‌ಕೀಪರ್. ಚಾಪ್‌ಮನ್ ಆಸ್ಟ್ರಿಯಾದ ರುಡಿ ಹೈಡನ್ ಅವರನ್ನು ತರಲು ನೋಡಿದರು. ನಿರುದ್ಯೋಗ ಏರುತ್ತಿದ್ದ ದಿನಗಳು ಅವು. ಬ್ರಿಟಿಷ್ ಅಧಿಕಾರಿಗಳು ಹೈಡನ್‌ಗೆ ದೇಶದೊಳಗೆ ಬರಲು ಬಿಡಲಿಲ್ಲ. ಕೊನೆಗೆ ಸೀಸನ್ ಪೂರ್ತಿ ಮೂವರು ಕೀಪರ್‌ಗಳು ಹಂಚಿಕೊಂಡು ಆಡಿದರು: ನೆದರ್‌ಲ್ಯಾಂಡ್ಸ್‌ನ ಗೆರಿ ಕೈಜರ್, ಸ್ಕಾಟ್ಲೆಂಡಿನ ಬಿಲ್ ಹಾರ್ಪರ್, ಇವರ ಜೊತೆ ಚಾರ್ಲಿ ಪ್ರೀಡಿ. ಖಾಯಂ ಕೀಪರ್ ಇಲ್ಲದ ತಂಡ 59 ಗೋಲಷ್ಟೇ ಬಿಟ್ಟಿತು ಅಂದರೆ ಮುಂದೆ ನಿಂತ ಮೂವರು ಎಷ್ಟು ಕೆಲಸ ಮಾಡಿರಬೇಕು ಯೋಚಿಸಿ.

ಮೊದಲ ಎರಡು ಪಂದ್ಯ ಬ್ಲ್ಯಾಕ್‌ಪೂಲ್ ಮತ್ತು ಬೋಲ್ಟನ್‌ನಲ್ಲಿ, ಎರಡರಲ್ಲೂ 4-1 ಗೆಲುವು. ನವೆಂಬರ್ 8ರಂದು ತವರಿನ ಹೈಬರಿ ಮೈದಾನದಲ್ಲಿ ವಿಲ್ಲಾ ವಿರುದ್ಧ 5-2. ಜನವರಿಯಲ್ಲಿ ಗ್ರಿಮ್ಸ್‌ಬಿ ವಿರುದ್ಧ 9-1. ಫೆಬ್ರವರಿ ಶುರುವಿನಲ್ಲಿ ಲೆಸ್ಟರ್‌ಗೆ ಹೋಗಿ 7-2. ಮಾರ್ಚ್ 14ರಂದು ವಿಲ್ಲಾ ತನ್ನ ಅಂಗಳದಲ್ಲಿ 5-1ರ ಸೇಡು ತೀರಿಸಿಕೊಂಡಿತು. ಆದರೂ ಲೀಗ್‌ನಲ್ಲಿ ಆರ್ಸೆನಲ್ ಸೋತದ್ದು ಒಟ್ಟು ನಾಲ್ಕೇ ಪಂದ್ಯ. ಏಪ್ರಿಲ್ 18ರಂದು ಹೈಬರಿಯಲ್ಲಿ ಲಿವರ್‌ಪೂಲ್ ವಿರುದ್ಧ 3-1ರಿಂದ ಗೆದ್ದಾಗ ಪಟ್ಟ ಖಚಿತವಾಯಿತು.

ಗೋಲುಗಳ ಲೆಕ್ಕ ಹೀಗಿದೆ. ಲ್ಯಾಂಬರ್ಟ್ 38, ಜ್ಯಾಕ್ 31, ಬಾಸ್ಟಿನ್ 28, ಹ್ಯೂಮ್ 14. ಈ ನಾಲ್ವರದ್ದೇ 111. ಬಾಸ್ಟಿನ್‌ಗೆ ಆಗ 18-19 ವಯಸ್ಸು, ಆಡುತ್ತಿದ್ದದ್ದು ಅಂಚಿನಲ್ಲಿ. ಜೇಮ್ಸ್ ಹೆಸರಿನ ಮುಂದೆ ಇರುವುದು ಬರೀ 5. ಗೋಲಿನ ಪಟ್ಟಿಯೊಂದನ್ನೇ ನೋಡಿ ಈ ತಂಡವನ್ನು ಅರ್ಥ ಮಾಡಿಕೊಳ್ಳಲು ಹೋದರೆ ಅದರ ಮುಖ್ಯ ಆಟಗಾರನೇ ಕೈತಪ್ಪುತ್ತಾರೆ. 38 ಗೋಲು ಹೊಡೆದ ಲ್ಯಾಂಬರ್ಟ್‌ಗೆ ಇಂಗ್ಲೆಂಡ್ ತಂಡದಲ್ಲಿ ಒಂದು ಸಲವೂ ಅವಕಾಶ ಸಿಗಲಿಲ್ಲ ಅನ್ನುವುದು ನನಗೆ ಇವತ್ತಿಗೂ ಸಂಕಟದ ವಿಷಯ.

ಇನ್ನು ಮೊದಲ ಪ್ರಶ್ನೆಗೆ ಬರೋಣ. ಹೆಚ್ಚು ಗೋಲು ಹೊಡೆದ ವಿಲ್ಲಾ ಸೋತದ್ದೆಲ್ಲಿ? ಆಗ ಗೆದ್ದರೆ ಎರಡು ಅಂಕ, ಸಮ ಆದರೆ ಒಂದು. ತವರಿನ 21 ಪಂದ್ಯ, ಹೊರಗಿನ 21 ಪಂದ್ಯ ಅಂತ ಬಿಡಿಸಿ ನೋಡಿ. ವಿಲ್ಲಾ ತವರಿನಲ್ಲಿ 17 ಗೆದ್ದು, 3 ಸಮ ಮಾಡಿ, ಒಂದೇ ಒಂದು ಸೋತಿತು. 86 ಗೋಲು, 37 ಅಂಕ. ಆರ್ಸೆನಲ್ ತವರಿನಲ್ಲಿ 14 ಗೆದ್ದು, 5 ಸಮ, 2 ಸೋಲು. 33 ಅಂಕ. ಇಲ್ಲಿ ವಿಲ್ಲಾ ನಾಲ್ಕು ಅಂಕ ಮುಂದೆ.

ಹೊರಗೆ ಹೋದಾಗ ವಿಲ್ಲಾ 8 ಗೆದ್ದು, 6 ಸಮ, 7 ಸೋಲು. 42 ಗೋಲು ಹೊಡೆದು 44 ತಿಂದಿತು. 22 ಅಂಕ. ಆರ್ಸೆನಲ್? ಮತ್ತೆ 14 ಗೆಲುವು, 5 ಸಮ, 2 ಸೋಲು. 60 ಗೋಲು, 33 ಅಂಕ. ಮನೆಯಲ್ಲಿ ಹೇಗೋ ಹೊರಗೂ ಹಾಗೇ. ತವರಿನಲ್ಲಿ ಕಳೆದ ನಾಲ್ಕು ಅಂಕದ ಎದುರು ಹೊರಗೆ ಹನ್ನೊಂದು ಅಂಕ ಗಳಿಸಿತು. ವ್ಯತ್ಯಾಸ ಏಳು.

ಚಾಪ್‌ಮನ್ ಪದ್ಧತಿಯ ಕೆಲಸ ಈ ಲೆಕ್ಕದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ತಮ್ಮ ಊರಿನ ಜನರ ಮುಂದೆ ಆಡುವ ತಂಡ ಮುಂದೆ ನುಗ್ಗಲೇಬೇಕು. ಹಿಂದೆ ಕೂತರೆ ಪ್ರೇಕ್ಷಕರು ಬಿಡುವುದಿಲ್ಲ. ಅವರು ನುಗ್ಗಿದಷ್ಟೂ ಹಿಂದೆ ಜಾಗ ಬಿಡುತ್ತಾರೆ. ಹ್ಯೂಮ್ ಮತ್ತು ಬಾಸ್ಟಿನ್‌ಗೆ ಬೇಕಾದದ್ದು ಆ ಜಾಗವೇ. 'ಲಕ್ಕಿ ಆರ್ಸೆನಲ್' ಅನ್ನುವ ಅಡ್ಡಹೆಸರು ಅವರಿಗೆ ಅಂಟಿಕೊಂಡದ್ದೂ ಇದರಿಂದ. ಆಟದ ಬಹುಪಾಲು ನಾವೇ ದಾಳಿ ಮಾಡಿದೆವು, ಅವರು ಎರಡು ಮೂರು ಸಲ ಬಂದು ಗೋಲು ಹೊಡೆದು ಗೆದ್ದುಕೊಂಡು ಹೋದರು, ಅದೃಷ್ಟ ಅಲ್ವಾ ಅನ್ನುವುದು ಸೋತವರ ಮಾತು. ಒಂದೇ ರೀತಿ ಹೊರಗಿನ ಹದಿನಾಲ್ಕು ಮೈದಾನಗಳಲ್ಲಿ ಗೆದ್ದರೆ ಅದನ್ನು ಅದೃಷ್ಟ ಅನ್ನಲಾಗದು.

66 ಅಂಕ ಆಗಿನ ದಾಖಲೆ. 1969ರಲ್ಲಿ ಲೀಡ್ಸ್ ಯುನೈಟೆಡ್ 67 ಗಳಿಸುವವರೆಗೂ ಅದನ್ನು ಯಾರೂ ದಾಟಲಿಲ್ಲ. ಈಗಿನಂತೆ ಗೆಲುವಿಗೆ ಮೂರು ಅಂಕ ಕೊಟ್ಟು ಲೆಕ್ಕ ಹಾಕಿದರೆ ಆರ್ಸೆನಲ್‌ಗೆ 94, ವಿಲ್ಲಾಗೆ 84. ಇನ್ನೊಂದು ಮಾತು: 1888ರಲ್ಲಿ ಹನ್ನೆರಡು ತಂಡಗಳಿಂದ ಲೀಗ್ ಶುರುವಾದಾಗ ಆರು ಲ್ಯಾಂಕಾಶೈರ್‌ನವು, ಆರು ಮಿಡ್‌ಲ್ಯಾಂಡ್ಸ್‌ನವು. ಅಲ್ಲಿಂದ 1931ರವರೆಗೆ ಲೀಗ್ ಪಟ್ಟ ಬರ್ಮಿಂಗ್‌ಹ್ಯಾಮ್‌ನಿಂದ ದಕ್ಷಿಣಕ್ಕೆ ಬಂದದ್ದೇ ಇಲ್ಲ. ಗಿರಣಿ, ಗಣಿ, ಹಡಗು ಕಟ್ಟೆಗಳ ಊರುಗಳು ತಮ್ಮ ಸ್ವಂತದ್ದು ಅಂದುಕೊಂಡಿದ್ದ ಪಟ್ಟವನ್ನು, ಅದೂ ಆ ಊರುಗಳಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಳ್ಳುತ್ತಿದ್ದ ವರ್ಷ, ಲಂಡನ್ ಒಯ್ದಿತು. ಉತ್ತರದವರ ಸಿಟ್ಟು ಸುಲಭವಾಗಿ ಅರ್ಥವಾಗುತ್ತದೆ. 'ಬ್ಯಾಂಕ್ ಆಫ್ ಇಂಗ್ಲೆಂಡ್ ಕ್ಲಬ್' ಅಂತ ಅವರು ಮೂದಲಿಸಿದರು. ಆದರೆ ಆ ತಂಡದ ಮ್ಯಾನೇಜರ್ ಯಾರ್ಕ್‌ಶೈರ್‌ನವರು, 38 ಗೋಲು ಹೊಡೆದ ಲ್ಯಾಂಬರ್ಟ್ ಕೂಡ ಯಾರ್ಕ್‌ಶೈರ್‌ನವರೇ. ಇಡೀ ಪದ್ಧತಿಯ ಬುಡವಾದ ರಾಬರ್ಟ್ಸ್‌ಗೆ ಕೊಟ್ಟದ್ದು 200 ಪೌಂಡ್. ದುಡ್ಡು ಜ್ಯಾಕ್ ಮತ್ತು ಜೇಮ್ಸ್ ಅವರನ್ನು ತಂದಿತು, ಆದರೆ ಅವರನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದು ದುಡ್ಡಿಗೆ ಗೊತ್ತಿರಲಿಲ್ಲ.

ಆಮೇಲೆ

ಮುಂದಿನ ಸೀಸನ್‌ನಲ್ಲಿ ಆರ್ಸೆನಲ್ ಲೀಗ್‌ನಲ್ಲಿ ಎವರ್ಟನ್ ಹಿಂದೆ ಎರಡನೆಯದಾಯಿತು, ಎಫ್‌ಎ ಕಪ್ ಫೈನಲ್‌ನಲ್ಲೂ ಸೋತಿತು. ನಂತರ 1933, 1934, 1935, ಸತತ ಮೂರು ಪಟ್ಟ. ಆ ಮೂರೂ ಪೂರ್ತಿಯಾಗುವುದನ್ನು ನೋಡಲು ಚಾಪ್‌ಮನ್ ಇರಲಿಲ್ಲ. 1934ರ ಜನವರಿ ಮೊದಲ ವಾರ ಶೀತ ಹಿಡಿದಿದ್ದರೂ ಮೂರನೇ ತಂಡದ ಒಂದು ಪಂದ್ಯ ನೋಡಲು ಹೋದರು. ಅದು ನ್ಯುಮೋನಿಯಾ ಆಯಿತು. ಜನವರಿ 6ರಂದು ತೀರಿಕೊಂಡರು, ವಯಸ್ಸು 55.

ಅಷ್ಟರಲ್ಲಿ ದೇಶದ ತಂಡಗಳೆಲ್ಲ ಆರ್ಸೆನಲ್ ನಕಲು ಮಾಡುತ್ತಿದ್ದವು. ನಕಲು ಮಾಡಲು ಸುಲಭವಾದದ್ದು ಸ್ಟಾಪರ್. ಎತ್ತರದ, ಗಟ್ಟಿಮುಟ್ಟಾದ ಒಬ್ಬನನ್ನು ಬ್ಯಾಕ್‌ಗಳ ನಡುವೆ ನಿಲ್ಲಿಸಿದರೆ ಆಯಿತು. ಹಾಗಾಗಿ ಇಂಗ್ಲೆಂಡಿನ ತುಂಬ ತಡೆಯುವ ಅರ್ಧ ಹರಡಿತು, ಚೆಂಡನ್ನು ದಾಳಿಯಾಗಿ ಬದಲಿಸುವ ಇನ್ನರ್ಧ ಹರಡಲಿಲ್ಲ. ಚಾಪ್‌ಮನ್ ಆಟವನ್ನು ಕೆಡಿಸಿದರು ಅನ್ನುವ ಟೀಕೆ ಹುಟ್ಟಿದ್ದು ಹೀಗೆ. 1930-31ರ ಆರ್ಸೆನಲ್‌ಗೆ ಆ ಮಾತು ಅನ್ವಯಿಸುವುದಿಲ್ಲ ಅನ್ನುವುದೇ ನನ್ನ ವಾದ. ಆದರೆ ಆರ್ಸೆನಲ್ ಕೂಡ ಬದಲಾಗುತ್ತಿತ್ತು. ಜೇಮ್ಸ್ ಗಾಯದಿಂದ ಎಷ್ಟೋ ಪಂದ್ಯ ತಪ್ಪಿಸಿಕೊಂಡ 1933-34ರಲ್ಲಿ ಅವರು ಪಟ್ಟ ಗೆದ್ದದ್ದು 75 ಗೋಲು ಹೊಡೆದು, 47 ಬಿಟ್ಟುಕೊಟ್ಟು. ತಡೆಯುವ ಅರ್ಧ ಇನ್ನೂ ಗಟ್ಟಿಯಾಗಿತ್ತು, ಹೊಡೆಯುವ ಅರ್ಧ ಸೊರಗಿತ್ತು.

ಜೇಮ್ಸ್ 1937ರಲ್ಲಿ ಆಟ ನಿಲ್ಲಿಸಿದರು. ಅವರ ಜಾಗ ತುಂಬಲೆಂದು ಕ್ಲಬ್ 1938ರಲ್ಲಿ ವುಲ್ವ್ಸ್ ತಂಡದಿಂದ ಬ್ರಿನ್ ಜೋನ್ಸ್ ಅವರನ್ನು 14,000 ಪೌಂಡ್ ಕೊಟ್ಟು ತಂದಿತು. ಅದು ಹೊಸ ದಾಖಲೆ. ಜೋನ್ಸ್ ಒಳ್ಳೆಯ ಆಟಗಾರರೇ, ಆದರೆ ಆ ಕೆಲಸ ಅವರದ್ದಾಗಿರಲಿಲ್ಲ. 1938-39ರಲ್ಲಿ ಆರ್ಸೆನಲ್ ಐದನೇ ಸ್ಥಾನಕ್ಕೆ ಇಳಿಯಿತು.